ಬಿಳಿಕಲ್ಕಟ್ಟೆ ಸ್ಟೇಷನ್ನಿನ ಹಗುರ ಚೀಲ

ಮೊದಲು ಒಂದು ಒಗಟು ಬಿಡಿಸಿ. ಬೆತ್ತದ ಬಳೆ, ತೊಡೋರು ಯಾರೂ ಇಲ್ಲ. ಚರ್ಮದ ಹೊಟ್ಟೆ, ಉಣ್ಣೋಕೆ ಬಾಯಿಲ್ಲ. ನಿಂತವನ ಕೈಯಿಂದ ಓಡೋನ ಕೈಗೆ ಹಾರುತ್ತೆ. ಹೊಟ್ಟೆ ತುಂಬಿದ್ರೆ ಸಾವಿರ ಜನ ಮನೆ ಸೇರ್ತಾರೆ. ಹೊಟ್ಟೆ ಖಾಲಿಯಿದ್ರೆ ಒಬ್ಬ ಸಾಯ್ತಾನೆ. ಏನು ಹೇಳಿ?

ಗೊತ್ತಾಗಲ್ಲ ಬಿಡಿ. ಪಂಚಾಯ್ತಿ ಕಟ್ಟೆ ಮೇಲೆ ಇದನ್ನ ಕೇಳಿದ್ದಕ್ಕೆ ಒಬ್ಬ ಪರ್ಸು ಅಂದ, ಇನ್ನೊಬ್ಬ ಪಂಚಾಯ್ತಿ ಮೆಂಬರ್ ಅಂದ. ಉತ್ತರ ಕತೆಯ ನಡುವೆ ಬರುತ್ತೆ. ಚಾಪೆ ಹತ್ತಿರಕ್ಕೆ ಎಳ್ಕೊಳ್ಳಿ. ಬಾಗಿಲು ಮುಂದೆ ಮಾಡಿ ಸಾಕು, ಚಿಲಕ ಬೇಡ... ಚಿಲಕ ಹಾಕಿದ್ರೆ ಆಮೇಲೆ ಅದೇ ಅಲ್ಲಾಡಿದ ಹಾಗೆ ಕೇಳುತ್ತೆ.

ಇದು ನಡೆದದ್ದು ನಮ್ಮ ಪಕ್ಕದ ಮನೆಯ ತ್ರಿವೇಣಕ್ಕನಿಗೆ. ಶಿವರಾತ್ರಿಗೆ ಇನ್ನೊಂದು ವಾರ ಇತ್ತು. ಶನಿವಾರ ರಾತ್ರಿ. ತರೀಕೆರೆಯಿಂದ ಬಂದ ಕೊನೇ ಬಸ್ಸು ಬಿಳಿಕಲ್ಕಟ್ಟೆ ಕ್ರಾಸಿನಲ್ಲಿ ಅವಳೊಬ್ಬಳನ್ನೇ ಇಳಿಸಿದಾಗ ಹತ್ತೂ ಕಾಲು. ಅಜ್ಜಂಪುರದ ಹತ್ತಿರ ಟೈರು ಪಂಚರಾಗಿ ಒಂದು ಗಂಟೆ ಹಾಳಾಗಿತ್ತು. ಅವಳ ಹೆಗಲ ಮೇಲೆ ಫ್ಲೆಕ್ಸಿನ ಸುರುಳಿ, ಹೆಚ್ಚುಕಮ್ಮಿ ಅವಳಷ್ಟೇ ಉದ್ದ.

‘ಯಾರ ಹೆಣಾನಮ್ಮ ಚಾಪೆ ಸುತ್ತಿ ತಂದಿರೋದು?’ ಅಂದ ಕಂಡಕ್ಟರ್, ಬಾಗಿಲಲ್ಲಿ ನಿಂತು.

‘ನಮ್ಮಜ್ಜನ್ದು’ ಅಂದಳು ತ್ರಿವೇಣಿ.

ಕಂಡಕ್ಟರ್ ರೈಟ್ ಅನ್ನೋದನ್ನೂ ಮರೆತು ಶೀಟಿ ಊದಿದ.

ಅವಳು ತಮಾಷೆಗೆ ಹೇಳಿದ್ದಲ್ಲ. ಕೋಪದಲ್ಲಿ ಹೇಳಿದ್ದು. ಆ ಕೋಪ ಮಧ್ಯಾಹ್ನ ಮೂರು ಗಂಟೆಗೆ ಹತ್ತಿಕೊಂಡದ್ದು, ಬಸ್ಸಿನ ಗಾಳಿಗೂ ಆರಿರಲಿಲ್ಲ.

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಕಾಂತರಾಜನ ಫ್ಲೆಕ್ಸ್ ಅಂಗಡಿ ಇದೆ. ತ್ರಿವೇಣಿ ಅಲ್ಲಿ ಆರು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು ಊರವರ ಹುಟ್ಟುಹಬ್ಬ, ಊರವರ ತಿಥಿ ಎಲ್ಲ ಟೈಪ್ ಮಾಡಿದವಳು. ಬದುಕಿದ್ದಾಗ ಯಾರೂ ಮಾತಾಡಿಸದ ಮುದುಕರ ಮುಖಕ್ಕೆ ಬಿಳಿ ಬಣ್ಣ ಹೊಡೆದು, ಹಿಂದೆ ಸೂರ್ಯನ ಬೆಳಕಿಟ್ಟು, ‘ಮರೆಯದ ಮಾಣಿಕ್ಯ’ ಅಂತ ಬರೆದು ಕೊಡೋದರಲ್ಲಿ ಅವಳ ಕೈ ಪಳಗಿತ್ತು. ಆ ಮಧ್ಯಾಹ್ನ ನಮ್ಮೂರಿನ ಪಂಚಾಕ್ಷರಪ್ಪನವರಿಂದ ವಾಟ್ಸಪ್ಪಿನಲ್ಲಿ ಮ್ಯಾಟರ್ ಬಂತು. ಕೊಬ್ಬರಿ ವ್ಯಾಪಾರದ ಪಂಚಾಕ್ಷರಪ್ಪನವರೇ ನಮ್ಮೂರ ರೈಲ್ವೆ ಸ್ಟೇಷನ್ ಮತ್ತೆ ತೆಗೆಸೋ ಸಮಿತಿಗೆ ಅಧ್ಯಕ್ಷರು. ಸೋಮವಾರ ರೈಲ್ವೆಯ ದೊಡ್ಡ ಸಾಹೇಬರು ಬಂದು ಜಾಗ ನೋಡ್ತಾರೆ, ಗಾಡಿ ಮತ್ತೆ ನಿಲ್ಲಿಸಬಹುದಾ ಅಂತ. ಅವರ ಕಣ್ಣಿಗೆ ಬೀಳೋ ಹಾಗೆ ಹತ್ತಡಿಗೆ ಐದಡಿ ಫ್ಲೆಕ್ಸು. ‘ಬಿಳಿಕಲ್ಕಟ್ಟೆ ರೈಲು ನಿಲ್ದಾಣ: ಒಂದು ಇತಿಹಾಸ.’ ಬರೆದವರು ರಿಟೈರಾದ ಮಲ್ಲಿಕಾರ್ಜುನಯ್ಯ ಮೇಷ್ಟ್ರು.

ತ್ರಿವೇಣಿ ಖುಷಿಯಿಂದಲೇ ಟೈಪ್ ಮಾಡುತ್ತಾ ಹೋದಳು. ಮೀಟರ್ ಗೇಜ್ ಕಾಲ, ಬೆಳಗಿನ ಪ್ಯಾಸೆಂಜರು, ಹಾಲಿನ ಕ್ಯಾನು, ಕಡೂರಿಗೆ ಕಾಲೇಜಿಗೆ ಹೋಗ್ತಿದ್ದ ಹುಡುಗರು... ಐದು ಸಾಲು ಮುಗೀತು. ಆರನೇ ಸಾಲು ಹೀಗಿತ್ತು: ‘1986ರಲ್ಲಿ ಪಾಯಿಂಟ್ಸ್‌ಮನ್ ರಂಗಪ್ಪನು ಪಾನಮತ್ತನಾಗಿ ಕರ್ತವ್ಯಲೋಪ ಎಸಗಿ, ತಾನೂ ಮೃತಪಟ್ಟು, ನಿಲ್ದಾಣಕ್ಕೆ ಕಳಂಕ ತಂದನು.’

ರಂಗಪ್ಪ ಅವಳ ಅಜ್ಜ. ಅಪ್ಪನ ಅಪ್ಪ, ಸ್ಟೇಷನ್ನಿನಲ್ಲಿ ಹಳಿ ತಿರುಗಿಸಿ ದೀಪ ತೋರಿಸ್ತಿದ್ದವನು.

ಮೇಷ್ಟ್ರಿಗೆ ಫೋನ್ ಹಚ್ಚಿದಳು.

‘ಮೇಷ್ಟ್ರೇ, ನಾನು ತ್ರಿವೇಣಿ. ಜವರಮ್ಮನ ಮೊಮ್ಮಗಳು.’

‘ಹೇಳಮ್ಮ. ಅಕ್ಷರ ಏನಾದ್ರೂ ತಪ್ಪಿದೆಯಾ?’

‘ಅಕ್ಷರ ಸರಿಯಾಗಿದೆ. ಆರನೇ ಸಾಲೇ ತಪ್ಪು.’

‘ಇತಿಹಾಸ ಕಣಮ್ಮ ಅದು. ಬೇಕಾದ್ದು ಇಟ್ಕೊಂಡು ಬೇಡದ್ದು ಬಿಡೋಕಾಗಲ್ಲ. ಎನ್‌ಕ್ವೈರಿಯಲ್ಲಿ ಹಾಗೇ ಬಂದಿರೋದು.’

‘ಅವತ್ತು ಬೆಳಗ್ಗೆ ನೀವೂ ಅಲ್ಲಿದ್ರಂತಲ್ಲ ಸಾರ್. ಹೆಣದ ಪಕ್ಕ ಬಾಟ್ಲಿ ನೋಡಿದ್ರಂತೆ.’

‘ನೋಡ್ದೆ. ಊರೆಲ್ಲಾ ನೋಡ್ತು.’

‘ಅದರ ಸೀಲು ಒಡೆದಿತ್ತಾ?’

ಆ ಕಡೆಯಿಂದ ಅವರ ಮನೆಯ ಫ್ಯಾನಿನ ಸದ್ದು. ಕಟ... ಕಟ... ಕಟ...

‘ನೆಟ್‌ವರ್ಕ್ ಸರಿಯಿಲ್ಲಮ್ಮ’ ಅಂತ ಇಟ್ಟುಬಿಟ್ಟರು. ನೆಟ್‌ವರ್ಕ್ ಸರಿಯಿಲ್ಲದಿದ್ರೆ ಫ್ಯಾನಿನ ಸದ್ದು ಅಷ್ಟು ಚೆನ್ನಾಗಿ ಕೇಳುತ್ತಾ? ನೀವೇ ಹೇಳಿ.

ಕಾಂತರಾಜ ಎಲ್ಲಾ ಕೇಳಿಸಿಕೊಂಡಿದ್ದ. ಕೆಟ್ಟವನಲ್ಲ, ಆದ್ರೆ ಅಂಗಡಿಯವನು. ‘ತ್ರಿವೇಣಿ, ನಮ್ಮದು ಪ್ರಿಂಟ್ ಹಾಕೋ ಕೆಲಸ, ತೀರ್ಪು ಕೊಡೋ ಕೆಲಸ ಅಲ್ಲ. ಕೊಟ್ಟಿದ್ದನ್ನ ಹಾಕು. ಹೆಂಗೂ ನಿಮ್ಮೂರಿಗೇ ತಾನೆ, ನೀನೇ ತಗೊಂಡ್ಹೋಗ್ಬಿಡು.’

ಮಿಷನ್ನು ಶುರುವಾಯಿತು. ಝರ್ರ್... ಝರ್ರ್... ಇಂಕಿನ ತಲೆ ಎಡಕ್ಕೆ ಹೋಗಿ ಬಲಕ್ಕೆ ಬಂದು, ಅವಳ ಕಣ್ಣೆದುರೇ ಅವಳ ಅಜ್ಜನನ್ನು ಒಂದೊಂದು ಗೆರೆಯಾಗಿ ಕುಡುಕ ಮಾಡಿತು.

ಅವಳಿಗೆ ಇದು ಹೊಸದಲ್ಲ ಅನ್ನೋದು ಬೇರೆ ವಿಷಯ. ಸ್ಟೇಷನ್ ಮುಚ್ಚಿದ್ದು ರಂಗಪ್ಪ ಸತ್ತು ಎಷ್ಟೋ ವರ್ಷ ಆದಮೇಲೆ. ಹಳಿ ಅಗಲ ಆಯ್ತು, ಗಾಡಿಗಳು ಉದ್ದ ಆದವು, ಹತ್ತೋ ಜನ ಕಮ್ಮಿ ಅಂತ ನಿಲ್ಲೋದು ಬಿಟ್ಟವು. ಆದರೆ ನಮ್ಮೂರಿಗೆ ಅಷ್ಟು ದೊಡ್ಡ ಕಾರಣ ಬೇಕಾಗಿರಲಿಲ್ಲ. ಬಸ್ಸು ತಪ್ಪಿದಾಗಲೆಲ್ಲ, ‘ಆ ರಂಗ ಕುಡಿದು ಬಿದ್ದಿಲ್ದಿದ್ರೆ ರೈಲಾದ್ರೂ ಇರ್ತಿತ್ತು’ ಅಂದರೆ ಮುಗೀತು. ತ್ರಿವೇಣಿಯ ಅಪ್ಪ ಆ ಮಾತು ಕೇಳಲಾರದೆ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ. ಜವರಮ್ಮನನ್ನು ಗಂಡ ಸತ್ತ ಎಂಟು ದಿನಕ್ಕೆ ಕ್ವಾರ್ಟರ್ಸಿಂದ ಪಾತ್ರೆಪಗಡದ ಸಮೇತ ಆಚೆ ಹಾಕಿದರು. ಪಿಂಚಣಿಯ ಮಾತೇ ಇಲ್ಲ. ಸೀಲು ಒಡೆಯದ ಬಾಟ್ಲಿ ಇಟ್ಟರೂ ಊರು ಕಣ್ಣುಮುಚ್ಚಿ ನಂಬಬೇಕಾದ್ರೆ ಸತ್ತವನು ಯಾವ ಕೇರಿಯವನಾಗಿರಬೇಕು ಅಂತ, ಇಟ್ಟವನಿಗೆ ಚೆನ್ನಾಗಿ ಗೊತ್ತಿತ್ತು.

ಸರಿ. ಈಗ ಕ್ರಾಸಿಗೆ ಬನ್ನಿ.

ಟಾರ್ ರೋಡಲ್ಲಿ ಊರಿಗೆ ಮೂರು ಕಿಲೋಮೀಟರು. ಸ್ಟೇಷನ್ ಮೇಲೆ ಹಾದು ಹೋದರೆ ಒಂದೇ. ರಾತ್ರಿ ಹೊತ್ತು ಆ ದಾರಿ ಯಾರೂ ಹಿಡಿಯಲ್ಲ. ತ್ರಿವೇಣಿ ಹಿಡಿದಳು. ಯಾಕೆ ಅಂದರೆ ಸ್ಟೇಷನ್ ಪಕ್ಕ ಒಂದು ಬಾವಿ ಇದೆ. ದೊಡ್ಡ ಕಲ್ಲಿನ ಬಾವಿ, ಮೇಲೆ ಆಲದ ಮರ, ಕೆಳಗೆ ಎಷ್ಟು ನೀರು ಅಂತ ಇಳಿದು ನೋಡಿದವರಿಲ್ಲ. ಫ್ಲೆಕ್ಸನ್ನು ಅದಕ್ಕೆ ಬಿಸಾಕೋದು ಅಂತ ಅವಳು ಬಸ್ಸಲ್ಲೇ ತೀರ್ಮಾನ ಮಾಡಿಯಾಗಿತ್ತು. ನಾಳೆ ಭಾನುವಾರ, ಅಂಗಡಿ ರಜ. ಸೋಮವಾರ ಬೆಳಗ್ಗೆಯೊಳಗೆ ಇನ್ನೊಂದು ಮಾಡಿಸೋಕೆ ಅವರ ಕೈಲಿ ಆಗಲ್ಲ. ಕಳೆದುಹೋಯ್ತು ಅಂದರಾಯ್ತು. ಕೆಲಸ ಹೋದರೂ ಹೋಗಲಿ.

ಚಂದ್ರ ಇರಲಿಲ್ಲ. ಮೊಬೈಲಿನ ಬೆಳಕಿಗೆ ಹಳದಿ ಹುಲ್ಲು, ಮುರಿದ ಪ್ಲಾಟ್‌ಫಾರಂ, ಚಾವಣಿ ಕುಸಿದ ಸ್ಟೇಷನ್ ಮಾಸ್ಟರ್ ರೂಮು. ಅದರಾಚೆ ಹೊಸ ಜೋಡಿ ಹಳಿ, ಕರೆಂಟಿನ ತಂತಿ. ಕಾಲ ಕೆಳಗೆ ಆಲದೆಲೆ ಚರ್... ಚರ್...

ಬಾವಿ ಕಟ್ಟೆಗೆ ಸುರುಳಿಯ ಒಂದು ತುದಿ ಇಟ್ಟಳು. ಇನ್ನೊಂದು ತುದಿ ಎತ್ತಬೇಕು, ಅಷ್ಟರಲ್ಲಿ...

ಠಣ್...

ಕಬ್ಬಿಣದ ಮೇಲೆ ಕಬ್ಬಿಣ. ತಲೆಯ ನೇರಕ್ಕೆ ಮೇಲಿಂದ.

ಮೊದಲೆಲ್ಲ ಆ ಆಲದ ಕೊಂಬೆಗೆ ಒಂದು ಮೊಳ ಹಳಿತುಂಡು ನೇತುಹಾಕಿದ್ದರಂತೆ. ಅದೇ ಸ್ಟೇಷನ್ ಗಂಟೆ. ಎರಡು ಹೊಡೆದರೆ ಗಾಡಿ ಅಜ್ಜಂಪುರ ಬಿಟ್ಟಿದೆ ಅಂತ ಲೆಕ್ಕ. ಆ ಹಳಿತುಂಡು ಗುಜರಿಗೆ ಹೋಗಿ ಇಪ್ಪತ್ತು ವರ್ಷ. ಅದನ್ನ ಕಟ್ಟಿದ್ದ ತಂತಿ ಮಾತ್ರ ಕೊಂಬೆಯ ತೊಗಟೆಯೊಳಗೆ ಹೂತುಕೊಂಡಿದೆ. ಹಗಲು ಹೋಗಿ ನೋಡಿ.

‘ಲೇ ಕೋತಿ, ಇಳಿಯೋ ಕೆಳಗೆ’ ಅಂದಳು ತ್ರಿವೇಣಿ ಮರದ ಕಡೆ ನೋಡಿ. ‘ಫ್ಲೆಕ್ಸಿಗಿಂತ ಮುಂಚೆ ನಿನ್ನ ಹಾಕ್ತೀನಿ ಬಾವಿಗೆ.’

ಕೋತಿ ಅಂದದ್ದು ನನಗೆ. ಅವಳದೇನೂ ತಪ್ಪಿಲ್ಲ. ಅದೇ ಮರಕ್ಕೆ ಬಿಳಿ ಪಂಚೆ ಕಟ್ಟಿ ಡೈರಿ ಲಕ್ಕಣ್ಣನನ್ನು ಕ್ಯಾನಿನ ಸಮೇತ ಓಡಿಸಿದ್ದು ನಾನೇ, ಒಪ್ಕೋತೀನಿ. ಆದರೆ ಆ ಶನಿವಾರ ನಾನು ಕಡೂರಲ್ಲಿ ಅತ್ತೆ ಮನೇಲಿದ್ದೆ. ಸಾಕ್ಷಿಗೆ ಅತ್ತೆ ಇದಾರೆ. ಅವರ ಖಾಲಿ ಚಕ್ಕುಲಿ ಡಬ್ಬ ಇದೆ.

ಮರದಲ್ಲಿ ಯಾರೂ ಅಲುಗಲಿಲ್ಲ.

ಠಣ್...

ಎರಡು.

ಸೀಮೆಎಣ್ಣೆ ವಾಸನೆ ಬಂತು. ಈಗ ಯಾರ ಮನೇಲಿದೆ ಸೀಮೆಎಣ್ಣೆ? ಪ್ಲಾಟ್‌ಫಾರಂ ಕಡೆಯಿಂದ ಒಂದು ದೀಪ ಬರ್ತಾ ಇತ್ತು, ಮೊಣಕಾಲಿನ ಎತ್ತರದಲ್ಲಿ ತೂಗಾಡುತ್ತಾ. ಅದರ ಜೊತೆ ಹೆಜ್ಜೆ ಸದ್ದು. ಟಪ್... ಸರ್... ಟಪ್... ಸರ್... ಒಂದು ಕಾಲಲ್ಲಿ ಬೂಟು. ಇನ್ನೊಂದು ಬರಿಗಾಲು. ಅವಸರದಲ್ಲಿ ಎದ್ದು ಬಂದವನ ನಡಿಗೆ.

ಅಜ್ಜ ಅಂದುಕೊಂಡಳು ತ್ರಿವೇಣಿ. ಫೋಟೋ ಕೂಡ ಇಲ್ಲದ ಅಜ್ಜ. ಒಂದು ಕ್ಷಣ, ಹೆದರಿಕೆಯೊಳಗೇ, ಅವಳಿಗೆ ಮುಖ ನೋಡೋ ಆಸೆ ಆಯಿತು.

ಅಜ್ಜ ಅಲ್ಲ. ಸ್ಟೇಷನ್ ಮಾಸ್ಟರ್ ಹಾಕೋ ಬಿಳಿ ಕೋಟು, ಕತ್ತಿನವರೆಗೂ ಗುಂಡಿ. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಸಿಕ್ಕಿಸಿಕೊಂಡು ಕೋಟು ವಾರೆಯಾಗಿತ್ತು. ನಿದ್ದೆಗಣ್ಣು. ಎಡಗೆನ್ನೆ ಮೇಲೆ ದಿಂಬು ಒತ್ತಿದ ಗೆರೆ, ಉದ್ದಕ್ಕೆ, ಇನ್ನೂ ಕೆಂಪಗೆ.

‘ರಂಗಪ್ಪ...’ ಅಂದ. ಪಿಸುಮಾತು. ‘ಎಲ್ಲಿ ಹೋಗಿದ್ಯೋ. ಮೇಲ್ ಗಾಡಿ ಬರ್ತಾ ಇದೆ. ತಗೋ.’

ಕೈಗೆ ಏನೋ ತುರುಕಿದ. ಬೆತ್ತದ ದೊಡ್ಡ ಬಳೆ. ಬಳೆಗೆ ಕಟ್ಟಿದ ಚರ್ಮದ ಚೀಲ.

ಒಗಟಿನ ಉತ್ತರ ಇದೇ. ಆಗ ಇದ್ದದ್ದು ಒಂದೇ ಹಳಿ. ಎರಡು ಕಡೆಯ ಗಾಡಿಗೂ ಅದೇ ದಾರಿ. ಮುಂದಿನ ಸ್ಟೇಷನ್ನಿನವರು ದಾರಿ ಖಾಲಿ ಅಂತ ಒಪ್ಪಿದರೆ ಮಾತ್ರ ಮಾಸ್ಟರ್ ರೂಮಿನ ಮಿಷನ್ನು ಒಂದು ಕಬ್ಬಿಣದ ಗುಂಡು ಉಗುಳುತ್ತೆ. ಅದನ್ನ ಚೀಲಕ್ಕೆ ಹಾಕಿ, ಪಾಯಿಂಟ್ಸ್‌ಮನ್ ಬಳೆ ಎತ್ತಿ ಹಿಡಿದು ನಿಲ್ತಾನೆ. ನಿಲ್ಲದ ಗಾಡಿಯ ಡ್ರೈವರು ತೋಳು ಚಾಚಿ, ಬಳೆಯನ್ನ ಮೊಣಕೈಗೆ ಸಿಕ್ಕಿಸಿಕೊಂಡು ಹೋಗ್ತಾನೆ. ಗುಂಡು ಕೈಲಿದ್ರೆ ದಾರಿ ಅವನದು. ಗುಂಡಿಲ್ಲದೆ ಹೋದರೆ... ಎದುರಿಗೆ ಏನು ಬರ್ತಿದೆಯೋ ದೇವರಿಗೇ ಗೊತ್ತು.

ತ್ರಿವೇಣಿಯ ಕೈ ತಾನಾಗೇ ಮೇಲಕ್ಕೆ ಹೋಯಿತು. ಭಾರ ಇರುತ್ತೆ ಅಂತ ಬಿಗಿ ಹಿಡಿದಿದ್ದಳು, ಇರಲಿಲ್ಲ. ಅಜ್ಜಿ ಯಾವಾಗಲೂ ಹೇಳ್ತಿತ್ತು, ಗುಂಡಿನ ಚೀಲ ಅಂದ್ರೆ ತುಂಬಿದ ಚೊಂಬು ಹಿಡಿದ ಹಾಗೆ, ಕೈ ಕೆಳಕ್ಕೆ ಜಗ್ಗಬೇಕು ಅಂತ. ಇದು ಒಣಗಿದ ಸೋರೆಬುರುಡೆ ಹಾಗಿತ್ತು.

‘ಗುಂಡೆಲ್ಲಿ?’ ಅಂದಳು. ಅವಳ ದನಿಯೂ ಪಿಸುಗುಟ್ಟಿತು.

‘ಶ್... ಮುಂದಿನ ಸ್ಟೇಷನ್ನಿಗೆ ಕೇಳಿಲ್ಲ. ಕಣ್ಣು ಹತ್ಬಿಡ್ತು. ಗಾಡಿ ನಿಂತರೆ ನನ್ನ ಕೇಳ್ತಾರೆ. ಸುಮ್ಮನೆ ಹಿಡಿ. ರಾತ್ರಿ ಹೊತ್ತು ಡ್ರೈವರ್ ಚೀಲ ಬಿಚ್ಚಿ ನೋಡಲ್ಲ.’

‘ಎದುರಿಂದ ಗಾಡಿ ಬಂದ್ರೆ?’

‘ಬರಲ್ಲ.’

‘ಬಂದ್ರೆ?’

‘ನಿನಗ್ಯಾಕೋ ಅದೆಲ್ಲ. ಹಿಡಿ ಅಂದ್ರೆ ಹಿಡಿ. ಬೆಳಗ್ಗೆ ನಾನು ಎಲ್ಲಾ ಸರಿ ಮಾಡ್ತೀನಿ.’

ಆಗ ಹೆದರಿಕೆ ಹೋಯಿತಂತೆ ಅವಳಿಗೆ. ಬಿಸಿ ಅನ್ನಕ್ಕೆ ಬಿದ್ದ ತುಪ್ಪ ಕರಗಿದ ಹಾಗೆ ಹೋಯಿತಂತೆ. ಉಳಿದದ್ದು ಮಧ್ಯಾಹ್ನದ ಕೋಪ ಒಂದೇ.

‘ನಲವತ್ತು ವರ್ಷ ಆಯ್ತು ಮಾಸ್ಟರೇ’ ಅಂದಳು. ಈ ಸಲ ಪಿಸುಗುಟ್ಟಲಿಲ್ಲ. ‘ಇನ್ನೂ ಬೆಳಗಾಗ್ಲಿಲ್ವಾ ನಿಮಗೆ?’

ಅವನು ಕೇಳಿಸಿಕೊಳ್ಳಲಿಲ್ಲ. ಅವಳ ಭುಜದಾಚೆ ಎಲ್ಲೋ ನೋಡುತ್ತಾ, ‘ರಂಗಪ್ಪ... ಎಲ್ಲಿ ಹೋಗಿದ್ಯೋ. ಮೇಲ್ ಗಾಡಿ ಬರ್ತಾ ಇದೆ. ತಗೋ’ ಅಂತ ಮೊದಲಿಂದ ಶುರು ಮಾಡಿದ. ಅದೇ ಮಾತು. ಅದೇ ಉಸಿರು. ‘ಶ್’ ಅನ್ನೋದೂ ಅದೇ ಜಾಗದಲ್ಲಿ.

ತ್ರಿವೇಣಿ ನಿಂತು ಕೇಳಿದಳು. ಎರಡನೇ ಸಲ. ಮೂರನೇ ಸಲ. ಎಲ್ಲಾದರೂ ಒಂದು ಕಡೆ ತಪ್ಪಾಯ್ತು ಅಂತ ಬರುತ್ತೇನೋ ಅಂತ ಕಾದಳು. ಬರಲಿಲ್ಲ. ನಲವತ್ತು ವರ್ಷ ಆ ಮಾತನ್ನ ತಿರುವಿ ತಿರುವಿ ಆಡ್ತಾ ಇದ್ದರೂ ಅದೊಂದು ಅವನ ಬಾಯಿಗೆ ಬಂದಿರಲಿಲ್ಲ.

ಮೂರನೇ ಸಲ ಮುಗಿದಾಗ ಅವನು ಬಗ್ಗಿದ. ಕೋಟಿನ ಜೇಬಿಂದ ಏನೋ ತೆಗೆದು ಹಳಿ ಪಕ್ಕದ ಕಲ್ಲಿನ ಮೇಲೆ ಇಟ್ಟ. ಟಿಕ್. ಗಾಜು. ಹೆಸರಿನ ಚೀಟಿ ಜನರಿಗೆ ಕಾಣೋ ಹಾಗೆ ಸ್ವಲ್ಪ ತಿರುಗಿಸಿ ಇಟ್ಟ. ಸತ್ಯನಾರಾಯಣ ಪೂಜೆಯ ಕಳಶ ಇಡೋ ಹಾಗೆ, ಅಷ್ಟು ಜೋಪಾನವಾಗಿ. ಅವಳು ಬಗ್ಗಿ ನೋಡಿದಳು. ಮುಚ್ಚಳದ ಸೀಲು ಹಾಗೇ ಇತ್ತು.

ಕೈಲಿದ್ದ ಬಳೆಯನ್ನ ಅವನ ಮುಖಕ್ಕೆ ಬೀಸಿ ಎಸೆದಳು.

ಬಿದ್ದ ಸದ್ದು ಬರಲಿಲ್ಲ. ಹಳಿ ಗುನುಗೋಕೆ ಶುರುವಾಯಿತು. ಜುಂ... ಜುಂ... ಆಮೇಲೆ ಗೂಡ್ಸು. ನಿಜವಾದ ಗೂಡ್ಸು, ಧಡಕ್ ಧಡಕ್ ಅಂತ ಐವತ್ತು ಡಬ್ಬಿ ಹಾದುಹೋಯಿತು. ಅದರ ಹಿಂದಿನ ಕೆಂಪು ದೀಪ ದೂರ ಆದಾಗ ಅಲ್ಲಿ ದೀಪ ಇಲ್ಲ, ಕೋಟಿಲ್ಲ, ಬಾಟ್ಲಿ ಇಲ್ಲ. ಬಾವಿ ಕಟ್ಟೆ ಮೇಲೆ ಫ್ಲೆಕ್ಸಿನ ಸುರುಳಿ ಇಟ್ಟ ಹಾಗೇ ಇತ್ತು. ಒಂದು ತಳ್ಳು ಸಾಕಿತ್ತು.

ತಳ್ಳಲಿಲ್ಲ. ಬಾವಿಗೆ ಹಾಕಿದರೆ ಮುಚ್ಚಿಟ್ಟ ಹಾಗೆ. ಆ ಮನುಷ್ಯ ಮಾಡಿದ್ದೂ ಅದನ್ನೇ ತಾನೆ. ಹೊತ್ತುಕೊಂಡು ಮನೆಗೆ ನಡೆದಳು.

ಜವರಮ್ಮ ಎದ್ದೇ ಇದ್ದಳು. ಮುದ್ದೆ ಮುಚ್ಚಿಟ್ಟುಕೊಂಡು ಬಾಗಿಲಿಗೆ ಒರಗಿ ಕೂತಿದ್ದಳು. ಎಂಬತ್ತರ ಹೆಂಗಸು, ಅಕ್ಷರ ಬರಲ್ಲ, ಆದ್ರೆ ಮುಖ ಓದೋದರಲ್ಲಿ ಯಾವ ಮೇಷ್ಟ್ರಿಗೂ ಕಮ್ಮಿಯಿಲ್ಲ.

‘ಯಾಕೇ, ಹಿಂಗಿದೀಯ?’

‘ಅಜ್ಜಿ... ಚೀಲ ಹಗುರ ಇತ್ತು’ ಅಂದಳು ತ್ರಿವೇಣಿ.

ಅಷ್ಟೇ ಹೇಳಿದ್ದು. ದೀಪದ್ದಾಗಲಿ, ಕೋಟಿನದಾಗಲಿ ಇನ್ನೂ ಹೇಳಿರಲಿಲ್ಲ. ಜವರಮ್ಮ ಅವಳ ಮುಖ ಬೆಳಕಿಗೆ ತಿರುಗಿಸಿ ಕೇಳಿದಳು:

‘ಕೆನ್ನೆ ಮೇಲೆ ದಿಂಬಿನ ಗೆರೆ ಇತ್ತಾ?’

ತ್ರಿವೇಣಿಯ ಮೈಮೇಲಿನ ಕೂದಲು ಆಗ ನಿಂತಿದ್ದು. ಬಾವಿ ಹತ್ತಿರ ಅಲ್ಲ, ಮನೆ ಬಾಗಿಲಲ್ಲಿ.

‘ಇತ್ತು.’

‘ಅವತ್ತು ಬೆಳಗ್ಗೆನೂ ಇತ್ತು ಕಣೇ. ದೊಡ್ಡ ಸಾಹೇಬ್ರು ಟ್ರಾಲಿಯಾಗೆ ಬಂದು ಕೇಳಿದ್ರು. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಸಾರ್ ಅಂದ ಆ ನನ್ಮಗ, ಕೆನ್ನೆ ಮೇಲೆ ಗೆರೆ ಇಟ್ಕಂಡು. ಇವನು ಮಲ್ಗಿದ್ದ ಸ್ವಾಮಿ, ಮುಖ ನೋಡಿ ಅಂದೆ. ಬಾಟ್ಲಿ ಮುಚ್ಚಳ ನೋಡಿ ಅಂದೆ. ಬರ್ಕೊಳ್ಳೋನು ಪೆನ್ನು ಎತ್ತಿ ಹಿಡ್ಕಂಡು ನನ್ನ ಮಾತು ಮುಗೀಲಿ ಅಂತ ಕಾದ. ಮುಗಿದ ಮ್ಯಾಲೆ, ಅವನ ಮಾತು ಬರ್ಕೊಂಡ.’

ಜವರಮ್ಮ ಅಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು, ಏನೋ ಕಹಿ ಉಗುಳಿದವಳ ಹಾಗೆ.

‘ನಿಮ್ಮಜ್ಜ ಖಾಲಿ ಚೀಲ ಕೊಡಾಕಿಲ್ಲ ಅಂತ ಕೆಂಪು ದೀಪ ಹಿಡ್ಕಂಡು ಹಳಿ ಮ್ಯಾಲೆ ಓಡಿದ. ಗಾಡಿ ನಿಲ್ತು. ಎದುರಿಗೆ ಇನ್ನೊಂದು ಬತ್ತಾ ಇತ್ತು, ಅದೂ ನಿಲ್ತು. ಎಲ್ಲಾರೂ ಉಳ್ಕೊಂಡ್ರು. ಇವನ ಮ್ಯಾಲೆ ಹಾದ ಮ್ಯಾಲೆ ನಿಲ್ತು, ಅಷ್ಟೇಯ. ಗಾಡಿಯೊಳಗಿದ್ದೋರು ಯಾರೂ ಇಳಿದು ಯಾಕೆ ನಿಲ್ತು ಅಂತ ಕೇಳ್ಲಿಲ್ಲ.’ ಸುರುಳಿ ಕಡೆ ತಿರುಗಿ, ‘ಬಿಚ್ಚು ಅದನ್ನ’ ಅಂದಳು.

ಫ್ಲೆಕ್ಸನ್ನು ನೆಲದ ಮೇಲೆ ಬಿಚ್ಚಿದರು. ಅರ್ಧಮನೆ ತುಂಬಿತು. ಅಜ್ಜನ ಮೇಲೆ ಬರೆದಿದ್ದನ್ನ ತ್ರಿವೇಣಿ ಓದಿ ಹೇಳಿದಳು.

‘ಯಾವ ಸಾಲು?’

‘ಆರನೇದು.’

‘ನಂಗೆ ಆರು ಏಳು ಗೊತ್ತಾಯ್ತದಾ? ಬೆಳ್ಳು ಇಡು. ಎಲ್ಲಿಂದ ಎಲ್ಲೀಗಂಟ?’

ತ್ರಿವೇಣಿ ಬೆರಳಿಟ್ಟಳು. ಜವರಮ್ಮ ಒಲೆಯಿಂದ ಇದ್ದಿಲು ತಂದು ಆ ತುದಿಗೊಂದು ಈ ತುದಿಗೊಂದು ಚುಕ್ಕೆ ಹಾಕಿದಳು.

‘ಈಗಲೇ ಕತ್ತರಿಸಲಾ ಅಜ್ಜಿ?’

‘ಬ್ಯಾಡ. ಮನೆಯಾಗೆ ಕತ್ತರಿಸಿದ್ರೆ ಇಲಿ ಕಡೀತು ಅಂತಾರೆ. ಸುತ್ತು. ತಗಂಡೋಗಿ ಕೊಟ್ಬಿಡು ಅವ್ರಿಗೆ.’

ಸೋಮವಾರ ನಾನೂ ಅಲ್ಲಿದ್ದೆ. ಶಾಮಿಯಾನ, ಎಳನೀರು, ಹಾರ. ಎರಡು ಗಳು ನೆಟ್ಟು ಪ್ಲಾಟ್‌ಫಾರಂ ಮೇಲೆ ಫ್ಲೆಕ್ಸ್ ಕಟ್ಟಿದ್ದರು. ಪಂಚಾಕ್ಷರಪ್ಪನವರ ಫೋಟೋ ರೈಲಿಗಿಂತ ದೊಡ್ಡದಾಗಿತ್ತು. ಸಾಹೇಬರು ಜೀಪಿಂದ ಇಳಿದು, ಕೊರಳಿಗೆ ಬಿದ್ದ ಹಾರ ತೆಗೆದು ಯಾರದೋ ಕೈಗೆ ಕೊಟ್ಟು, ಫ್ಲೆಕ್ಸ್ ಓದೋಕೆ ನಿಂತರು. ಮೂರನೇ ಸಾಲಿಗೆ ಬಂದಿದ್ದರೇನೋ... ಗುಂಪು ಸೀಳಿಕೊಂಡು ಜವರಮ್ಮ ಬಂದಳು. ಕೈಲಿ ಕುಡುಗೋಲು. ಹಿಂದೆ ತ್ರಿವೇಣಿ.

‘ಏ ಜವರಮ್ಮ, ಏನಿದು, ಸಾಹೇಬ್ರು ಬಂದಿದಾರೆ’ ಅಂತ ಪಂಚಾಕ್ಷರಪ್ಪ ಅಡ್ಡ ಬಂದರು.

‘ನೀನು ಸುಮ್ಕಿರಪ್ಪ. ನನ್ ಗಂಡನ ಹೆಸ್ರು, ನಾನು ತಗಂಡೋಗಾಕೆ ಬಂದಿವ್ನಿ.’

ಇದ್ದಿಲ ಚುಕ್ಕೆಗೆ ಕುಡುಗೋಲಿನ ತುದಿ ಚುಚ್ಚಿದಳು. ಚರ್ರ್... ಅಂತ ಎಳೆದಳು. ಮೇಲೊಂದು, ಕೆಳಗೊಂದು, ಪಕ್ಕಕ್ಕೆರಡು. ರಾಗಿ ಕೊಯ್ದ ಕೈ, ಗೆರೆ ಒಂಚೂರೂ ಸೊಟ್ಟ ಹೋಗಲಿಲ್ಲ. ಆರನೇ ಸಾಲು ಪಟ್ಟಿಯಾಗಿ ಕಳಚಿ ಅವಳ ಕೈಗೆ ಬಂತು. ಫ್ಲೆಕ್ಸಿನಲ್ಲಿ ಉದ್ದಕ್ಕೆ ಒಂದು ತೂತು. ತೂತಿನಾಚೆ ಹಳಿ ಕಾಣ್ತಾ ಇತ್ತು.

ಸಾಹೇಬರು ಕನ್ನಡಕ ತೆಗೆದರು. ‘ಏನಿತ್ತಮ್ಮ ಅಲ್ಲಿ?’

‘ಸುಳ್ಳಿತ್ತು ಸ್ವಾಮಿ.’

ಆಮೇಲೆ ಕುಡುಗೋಲಿನ ತುದಿಯನ್ನು ಮಲ್ಲಿಕಾರ್ಜುನಯ್ಯ ಮೇಷ್ಟ್ರ ಕಡೆ ತಿರುಗಿಸಿ, ಮೆಲ್ಲಗೆ ಕೇಳಿದಳು. ‘ಮೇಷ್ಟ್ರೇ, ಆ ಸೀಲು ಒಡೆದಿತ್ತಾ?’

ಮೇಷ್ಟ್ರು ಎರಡೂ ಕೈ ಜೋಡಿಸಿದರು. ‘ಒಡೆದಿರಲಿಲ್ಲ ತಾಯಿ’ ಅಂದರು. ಕಣ್ಣಲ್ಲಿ ನೀರು. ಅಷ್ಟರಲ್ಲಿ ಮಾಸ್ಟರ್ ರೂಮಿನ ಗೋಡೆ ದಬಾರನೆ ಬಿತ್ತು, ಗೂಡಿನಿಂದ ಒಂದು ತಗಡಿನ ಡಬ್ಬಿ ಉರುಳಿಕೊಂಡು ಬಂತು. ಅದರೊಳಗೆ ಸ್ಟೇಷನ್ ಮಾಸ್ಟರ್ ಕೈಯಾರೆ ಬರೆದ ಚೀಟಿ: ‘ತಪ್ಪು ನನ್ನದು. ರಂಗಪ್ಪನದಲ್ಲ.’ ಸಾಹೇಬರು ಅದನ್ನ ಗಟ್ಟಿಯಾಗಿ ಓದಿದರು. ಸ್ಟೇಷನ್ ತೆಗೆದರು, ರಂಗಪ್ಪನ ಹೆಸರೇ ಇಟ್ಟರು, ಮೊದಲನೇ ಟಿಕೆಟ್ಟು ಜವರಮ್ಮನಿಗೇ ಕೊಟ್ಟರು.

ಚೆನ್ನಾಗಿದೆ ಅಲ್ವಾ?

ಮೇಷ್ಟ್ರು ಕೈ ಜೋಡಿಸಿದರು ಅನ್ನೋ ಕಡೆಯಿಂದ ಇಲ್ಲೀವರೆಗೆ ಎಲ್ಲಾ ನಾನು ಹೊಲಿದದ್ದು. ಡಬ್ಬಿ ಇಲ್ಲ, ಚೀಟಿ ಇಲ್ಲ. ಅಂಥ ಸುಳ್ಳು ಬರೆಸಿದವನು ನಿಜ ಬರೆದಿಟ್ಟು ಹೋಗ್ತಾನಾ? ಜವರಜ್ಜಿ ಕೇಳಿದಾಗ ಮೇಷ್ಟ್ರು ತಮ್ಮ ಚಪ್ಪಲಿ ನೋಡ್ತಾ ನಿಂತರು. ಪಂಚಾಕ್ಷರಪ್ಪನವರು ಎಳನೀರು ಕೊಡಿ ಎಳನೀರು ಕೊಡಿ ಅಂತ ಗದ್ದಲ ಮಾಡಿದರು. ಸಾಹೇಬರು ಏನೋ ಗುರುತು ಹಾಕಿಕೊಂಡು ಜೀಪು ಹತ್ತಿದರು. ಸ್ಟೇಷನ್ ತೆಗೀತಾರಾ ಇಲ್ವಾ ಅಂತ ಇವತ್ತಿನವರೆಗೂ ಒಂದು ಕಾಗದ ಬಂದಿಲ್ಲ. ಆ ಮುದುಕಿಗೆ ಒಂದು ಒಳ್ಳೇ ಕೊನೆ ಕೊಡೋ ಯೋಗ್ಯತೆ ಈ ಊರಿಗಿಲ್ಲ, ಅದಕ್ಕೇ ನಾನು ಮಾಡಿ ಹಾಕಿದೆ.

ಆದರೆ ಇದೊಂದು ನಾನು ಹೊಲಿದದ್ದಲ್ಲ. ಕೇಳಿ.

ಮೇಷ್ಟ್ರು ಚಪ್ಪಲಿ ನೋಡ್ತಾ ನಿಂತಿದ್ದಾಗ ಅಜ್ಜಂಪುರದ ಕಡೆಯಿಂದ ಗೂಡ್ಸು ಬಂತು. ಹಗಲು ಹನ್ನೊಂದು ಗಂಟೆ, ಚೆನ್ನಾಗಿ ಬಿಸಿಲು. ಬೆತ್ತದ ಬಳೆ, ಗುಂಡು ಎಲ್ಲಾ ಹೋಗಿ ಎಷ್ಟೋ ವರ್ಷ. ಡ್ರೈವರು ಚಿಕ್ಕ ಹುಡುಗ, ಮೀಸೆ ಈಗ ಬರ್ತಾ ಇರೋದು, ಅಂಥದ್ದನ್ನ ಕಣ್ಣಲ್ಲೂ ಕಂಡಿರಲಾರ. ಪ್ಲಾಟ್‌ಫಾರಂ ಹತ್ತಿರ ಆಗ್ತಿದ್ದ ಹಾಗೆ ಅವನು ಕಿಟಕಿಯಿಂದ ಎಡಗೈ ಆಚೆ ಚಾಚಿದ. ಮೊಣಕೈ ಮಡಚಿ, ಕೊಕ್ಕೆ ಹಾಗೆ. ನಾವೆಲ್ಲ ನೋಡಿದ್ವಿ. ಆಲದ ಮರದ ನೇರಕ್ಕೆ ಬಂದಾಗ ಆ ತೋಳು ಹಿಂದಕ್ಕೆ ಜಗ್ಗಿ, ಕೆಳಕ್ಕೆ ತೂಗಿತು. ಅವನು ತನ್ನ ತೋಳನ್ನೇ ನೋಡಿಕೊಂಡು ಹಾದುಹೋದ.

ವಿಡಿಯೋ ನನ್ನ ಮೊಬೈಲಲ್ಲಿದೆ. ಯಾರು ಬೇಕಾದ್ರೂ ನೋಡಿ, ನಿಧಾನಕ್ಕೆ ಓಡಿಸಿ ನೋಡಿ. ಜವರಜ್ಜಿ ಒಂದೇ ಸಲ ನೋಡಿ, ಕೈಯಿಂದ ಮೊಬೈಲ್ ದೂರ ಸರಿಸಿ ಹೇಳಿತು:

‘ಈ ಸಲ ಗುಂಡೈತೆ.’